ನಗು ಬರುವುದು ಅರ್ಥವಾದ ಮೇಲೆ

ಆಟಿಸಂ ಇರುವ ಮಗುವನ್ನು ಬೆಳೆಸುತ್ತಿರುವ ತಂದೆತಾಯಿಯರ ಬಗ್ಗೆ ನಮ್ಮ ನಡುವೆ ಎರಡು ಬಗೆಯ ಮಾತುಗಳು ಓಡಾಡುತ್ತವೆ. ಒಂದು ಮರುಕದ್ದು: ಪಾಪ, ಅವರ ಹಣೆಬರಹ. ಇನ್ನೊಂದು ಹೊಗಳಿಕೆಯದು: ಇಂಥ ಮಗುವನ್ನು ಸಾಕುವ ಶಕ್ತಿ ಇದ್ದವರಿಗೇ ದೇವರು ಕೊಡುವುದು. ಎರಡೂ ಒಳ್ಳೆಯ ಮನಸ್ಸಿನಿಂದಲೇ ಬರುವ ಮಾತುಗಳು. ಆದರೆ ಆ ಮನೆಯೊಳಗೆ ಆಗಾಗ ಕೇಳಿಬರುವ ಒಂದು ಸದ್ದಿಗೆ ಇವೆರಡರಲ್ಲೂ ಜಾಗವಿಲ್ಲ. ಆ ಸದ್ದು ನಗುವಿನದು. ಥೆರಪಿ ಕೇಂದ್ರಗಳ ಕಾಯುವ ಕೋಣೆಯಲ್ಲಿ, ಪೋಷಕರ ಗುಂಪುಗಳಲ್ಲಿ, ಈ ಮಕ್ಕಳ ಅಮ್ಮಂದಿರು ಒಬ್ಬರಿಗೊಬ್ಬರು ಮಗುವಿನ ಮಾತು, ಮಗುವಿನ ಹಟ, ಮಗುವಿನ ಲೆಕ್ಕಾಚಾರ ಹೇಳಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ದುಃಖ ಮರೆಯಲು ನಗುತ್ತಾರೆ ಎಂದು ಹಲವರು ಅದಕ್ಕೆ ಅರ್ಥ ಹಚ್ಚುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಆ ನಗುವಿನ ಬಹುಪಾಲು ಮರೆಯುವುದರಿಂದ ಹುಟ್ಟಿದ್ದಲ್ಲ, ತಿಳಿಯುವುದರಿಂದ ಹುಟ್ಟಿದ್ದು. ಮಗು ಜಗತ್ತನ್ನು ಹೇಗೆ ನೋಡುತ್ತಿದೆ ಎಂಬುದು ಹೊಳೆದ ಗಳಿಗೆಯಲ್ಲಿ ಅದು ಬರುತ್ತದೆ. ನಾವು ಶಕ್ತಿ ಎಂದು ಕರೆಯುವುದು ಕೂಡ ಹುಟ್ಟುಗುಣವಲ್ಲ, ಇದೇ ತಿಳಿವಳಿಕೆಯಿಂದ ನಿಧಾನವಾಗಿ ಕೂಡಿಕೊಳ್ಳುವಂಥದ್ದು.

ಇದಕ್ಕೆ ಮೊದಲ ಸಾಕ್ಷಿ ಆಟಿಸಂ ಕುರಿತ ಮೊಟ್ಟಮೊದಲ ಪ್ರಬಂಧಗಳಲ್ಲೊಂದರಲ್ಲೇ ಇದೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದರು. ಅದರಲ್ಲಿ ಡೊನಾಲ್ಡ್ ಎಂಬ ಹುಡುಗ ಬರುತ್ತಾನೆ. ಕೈಯಲ್ಲಿರುವುದನ್ನು ಕೆಳಗಿಡು ಎಂದರೆ ಅವನು ನೆಲದ ಮೇಲೇ ಇಡುತ್ತಿದ್ದ. ಹೌದು ಎಂದು ಹೇಳಿದರೆ ಹೆಗಲ ಮೇಲೆ ಕೂರಿಸಿಕೊಳ್ಳುತ್ತೇನೆ ಎಂದು ಅವನ ತಂದೆ ಆ ಪದ ಕಲಿಸಿದರು. ಅಲ್ಲಿಂದ ಎಷ್ಟೋ ತಿಂಗಳು ಹೌದು ಎಂದರೆ ನನ್ನನ್ನು ಹೆಗಲ ಮೇಲೆ ಕೂರಿಸು ಎಂದಷ್ಟೇ ಅವನ ಅರ್ಥವಾಗಿತ್ತು. ಇನ್ನೊಬ್ಬ ಹುಡುಗ, ಚಿತ್ರಗಳು ಗೋಡೆಯ ಮೇಲಿವೆ ಎಂದ ತಂದೆಯನ್ನು ತಿದ್ದಿ, ಅವು ಇರುವುದು ಗೋಡೆಯ ಹತ್ತಿರ ಎಂದ. ಕ್ಯಾನರ್ ಇವನ್ನು ಭಾಷೆಯ ಬಿಗಿತದ ಉದಾಹರಣೆಗಳಾಗಿ ದಾಖಲಿಸಿದರು, ವೈದ್ಯರಾಗಿ ಅದು ಸರಿಯೇ. ಆದರೆ ಇಂದು ಓದುವವರ ಮುಖದಲ್ಲಿ ಕಿರುನಗೆ ಮೂಡುತ್ತದೆ. ಯಾಕೆಂದರೆ ಹುಡುಗ ಹೇಳಿದ್ದು ಸರಿ. ಚಿತ್ರ ಗೋಡೆಯ ಮೇಲೆ ಹತ್ತಿ ಕೂತಿಲ್ಲ. ನಮ್ಮ ಮನೆಗಳಲ್ಲೂ ಇದೇ ನಡೆಯುತ್ತದೆ. ಒಲೆಯ ಮೇಲೆ ಹಾಲಿದೆ, ಸ್ವಲ್ಪ ನೋಡ್ಕೋ ಎಂದು ಹೇಳಿ ಹೋದರೆ, ಹಾಲು ಉಕ್ಕುವವರೆಗೂ, ಉಕ್ಕಿ ಒಲೆ ತುಂಬಿದ ಮೇಲೂ, ನೋಡುತ್ತಲೇ ನಿಂತಿರುವ ಮಗುವನ್ನು ಯೋಚಿಸಿ. ಮೊದಲು ಬರುವುದು ಸಿಟ್ಟು. ಸಿಟ್ಟಿನ ಹಿಂದೆಯೇ ಭಯ: ಇಷ್ಟೂ ತಿಳಿಯದಿದ್ದರೆ ಮುಂದೆ ಹೇಗೆ? ನಗು ಬರುವುದು ಕೊನೆಗೆ, ಮಗು ಹೇಳಿದ್ದನ್ನು ಅಕ್ಷರಶಃ ಪಾಲಿಸಿದೆ ಎಂಬುದು ಹೊಳೆದಾಗ. ಆ ನಗುವಿಗೆ ಗುರಿಯಾಗುವುದು ಮಗುವಲ್ಲ, ನೋಡ್ಕೋ ಎಂಬ ಮಾತಿನಲ್ಲಿ ನಾವು ಹೇಳದೆ ಬಿಟ್ಟ ಅರ್ಧ. ಅದು ಹೊಳೆದ ತಾಯಿ ಮರುದಿನ ಬೇರೆ ರೀತಿ ಹೇಳುತ್ತಾಳೆ: ಹಾಲು ಮೇಲೆ ಬಂದ ಕೂಡಲೇ ಗ್ಯಾಸ್ ಆಫ್ ಮಾಡು. ಮಗು ಆಫ್ ಮಾಡುತ್ತದೆ. ಸಿಟ್ಟಿನಿಂದ ಆಗದ ಕೆಲಸ ನಗುವಿನಿಂದ ಆಗಿದ್ದು ಹೀಗೆ. ನಗು ಇಲ್ಲಿ ಸಮಾಧಾನಕ್ಕಿಂತ ದೊಡ್ಡ ಉಪಕಾರ ಮಾಡಿದೆ, ಎಲ್ಲಿ ತಪ್ಪಿತು ಎಂಬುದನ್ನು ತೋರಿಸಿಕೊಟ್ಟಿದೆ.

ಆದರೆ ಆರೋಪ ಹೊತ್ತವರಿಗೆ ನಗಲು ಬರುವುದಿಲ್ಲ. ಆಟಿಸಂನ ಚರಿತ್ರೆಯಲ್ಲಿ ತಂದೆತಾಯಿಯರು, ಅದರಲ್ಲೂ ತಾಯಂದಿರು, ದಶಕಗಳ ಕಾಲ ಆರೋಪಿಗಳಾಗಿಯೇ ನಿಂತಿದ್ದರು. ಕ್ಯಾನರ್ ಸ್ವತಃ ಆ ಮಕ್ಕಳ ಹೆತ್ತವರ ತಣ್ಣಗಿನ ಸ್ವಭಾವದ ಬಗ್ಗೆ ಬರೆದರು. ಬ್ರೂನೊ ಬೆಟಲ್‌ಹೈಮ್ 1967ರ ತಮ್ಮ ‘ದಿ ಎಂಪ್ಟಿ ಫೋರ್ಟ್ರೆಸ್’ ಪುಸ್ತಕದಲ್ಲಿ ಆ ಮಾತನ್ನು ಬೆಳೆಸಿ, ತಾಯಿಯ ಪ್ರೀತಿಯ ಕೊರತೆಯಿಂದಲೇ ಮಗು ತನ್ನೊಳಗೆ ಮುಚ್ಚಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ಜನಪ್ರಿಯಗೊಳಿಸಿದರು. ಆ ನಂಬಿಕೆಯನ್ನು ಕೆಡವಿದವರಲ್ಲಿ ಮುಖ್ಯರಾದ ಬರ್ನಾರ್ಡ್ ರಿಮ್ಲೆಂಡ್ ಮನೋವಿಜ್ಞಾನಿಯೂ ಹೌದು, ಆಟಿಸಂ ಇರುವ ಮಗನ ತಂದೆಯೂ ಹೌದು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು ಎಂದು ಅವರು 1964ರಲ್ಲೇ ವಾದಿಸಿದ್ದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿ ವಂಶವಾಹಿಗಳ ಪಾತ್ರವನ್ನು ತೋರಿಸಿಕೊಟ್ಟರು. ಅಷ್ಟಾದರೂ ಆರೋಪ ವೇಷ ಬದಲಿಸಿಕೊಂಡು ನಮ್ಮಲ್ಲಿ ಓಡಾಡುತ್ತಲೇ ಇದೆ. ತಾಯಿ ಕೆಲಸಕ್ಕೆ ಹೋದಳು, ಮಗುವಿನ ಕೈಗೆ ಮೊಬೈಲ್ ಕೊಟ್ಟಳು, ಬಸುರಿಯಾಗಿದ್ದಾಗ ಗ್ರಹಣ ನೋಡಿದಳು. ಮೊಬೈಲ್ ಕಡಿಮೆ ಮಾಡುವುದು ಎಲ್ಲ ಮಕ್ಕಳಿಗೂ ಒಳ್ಳೆಯದು. ಆದರೆ ಆಟಿಸಂಗೆ ತಾಯಿಯ ಕೈಯಲ್ಲಿದ್ದ ಫೋನೇ ಕಾರಣ ಎನ್ನುವುದು ಬೆಟಲ್‌ಹೈಮ್ ಮಾಡಿದ ಅನ್ಯಾಯದ್ದೇ ಮುಂದುವರಿಕೆ. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ತನ್ನಿಂದಲೇ ಹೀಗಾಯಿತು ಎಂದುಕೊಂಡ ತಾಯಿಗೆ ಮಗುವಿನ ಒಂದೊಂದು ವಿಚಿತ್ರ ನಡೆಯೂ ತನ್ನ ತಪ್ಪಿನ ಪುರಾವೆಯಾಗಿ ಕಾಣುತ್ತದೆ. ಅಪರಾಧಿ ಭಾವ ಇಳಿದ ಮೇಲೆಯೇ ಅದೇ ನಡೆಯನ್ನು ಕುತೂಹಲದಿಂದ ನೋಡಲು ಸಾಧ್ಯ. ಕುತೂಹಲ ಹುಟ್ಟದೆ ನಗು ಹುಟ್ಟುವುದಿಲ್ಲ.

ಇಲ್ಲೊಂದು ಗಂಭೀರ ಆಕ್ಷೇಪ ಏಳುತ್ತದೆ. ಈ ಮನೆಗಳಲ್ಲಿರುವ ದಣಿವು ನಿಜ, ನಿದ್ದೆಗೇಡು ನಿಜ, ಖರ್ಚು ನಿಜ. ಅಲ್ಲಿ ನಗುವಿನ ಮಾತೆತ್ತುವುದು ಕಷ್ಟವನ್ನು ಹಗುರ ಮಾಡಿದಂತಲ್ಲವೇ? ಕಷ್ಟ ಎಷ್ಟು ನಿಜ ಎಂಬುದಕ್ಕೆ ದೇಹವೇ ಸಾಕ್ಷಿ ಹೇಳುತ್ತದೆ. ಆಟಿಸಂ ಇರುವ ಹರೆಯದ ಮತ್ತು ವಯಸ್ಕ ಮಕ್ಕಳ ತಾಯಂದಿರನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಾರ್ಷಾ ಮೈಲಿಕ್ ಸೆಲ್ಟ್‌ಜರ್ ತಂಡ 2010ರಲ್ಲಿ ಅಧ್ಯಯನ ಮಾಡಿತು. ಒತ್ತಡಕ್ಕೆ ಸ್ಪಂದಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ಆ ತಾಯಂದಿರಲ್ಲಿ ಕುಗ್ಗಿತ್ತು. ದೀರ್ಘಕಾಲ ಒತ್ತಡದಲ್ಲಿ ಬದುಕಿದವರಲ್ಲಿ, ಯುದ್ಧಭೂಮಿಯಿಂದ ಬಂದ ಸೈನಿಕರಲ್ಲಿ ಕಾಣುವಂಥ ಸ್ಥಿತಿ ಅದು. ಇಂಥ ಹೊರೆಯ ಮುಂದೆ, ನಕ್ಕುಬಿಡಿ ಸರಿಹೋಗುತ್ತದೆ ಎನ್ನುವುದು ಕ್ರೂರ ಮಾತು. ನಾನು ಹೇಳುತ್ತಿರುವುದು ಅದಲ್ಲ. ನೋವು ಮತ್ತು ಸಂತೋಷ ಒಂದೇ ದಿನದಲ್ಲಿ, ಒಂದೇ ಮನಸ್ಸಿನಲ್ಲಿ ಜೊತೆಜೊತೆಗೆ ಇರಬಲ್ಲವು, ಒಂದು ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ ಎಂಬುದಷ್ಟೇ ನನ್ನ ಮಾತು. ಸೂಸನ್ ಫೋಕ್‌ಮನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಏಡ್ಸ್‌ನಿಂದ ಸಾಯುತ್ತಿದ್ದ ತಮ್ಮ ಸಂಗಾತಿಗಳ ಆರೈಕೆ ಮಾಡುತ್ತಿದ್ದವರ ಸಂದರ್ಶನ ನಡೆಸಿದರು. ಪ್ರಶ್ನೆಗಳೆಲ್ಲ ಒತ್ತಡದ ಸುತ್ತಲೇ ಇದ್ದವು. ಒಳ್ಳೆಯದರ ಬಗ್ಗೆ ಯಾಕೆ ಕೇಳುತ್ತಿಲ್ಲ ಎಂದು ಆರೈಕೆ ಮಾಡುವವರೇ ಕೇಳಿದರು. ಆ ಪ್ರಶ್ನೆ ಸೇರಿಸಿದ ಮೇಲೆ ಹೆಚ್ಚುಕಡಿಮೆ ಎಲ್ಲ ಸಂದರ್ಶನಗಳಲ್ಲೂ ಜನ ಆ ದಿನಗಳ ಯಾವುದಾದರೊಂದು ಸಣ್ಣ ಸಂತೋಷವನ್ನು ಹೇಳಿದರು. ಸಾವಿನ ಮಂಚದ ಪಕ್ಕದಲ್ಲಿ ಸಾಧ್ಯವಾದದ್ದು, ಬದುಕಿ ಬೆಳೆಯುತ್ತಿರುವ ಮಗುವಿನ ಪಕ್ಕದಲ್ಲಿ ಸಾಧ್ಯವಿಲ್ಲ ಎನ್ನಲು ಕಾರಣವಿಲ್ಲ. ನಾವು ಈ ತಂದೆತಾಯಿಯರನ್ನು ಅಂಥ ಪ್ರಶ್ನೆ ಕೇಳುವುದೇ ಇಲ್ಲ. ಯಾವ ಡಾಕ್ಟರಿಗೆ ತೋರಿಸಿದಿರಿ, ಯಾವ ಹರಕೆ ಹೊತ್ತಿರಿ, ಮಾತು ಬಂತಾ ಎಂಬಲ್ಲಿಗೆ ನಮ್ಮ ಪ್ರಶ್ನೆಗಳು ಮುಗಿಯುತ್ತವೆ.

ನಗುವುದು ತಂದೆತಾಯಿ ಮಾತ್ರವೇ, ಮಗುವಿಗೆ ಹಾಸ್ಯವೇ ತಿಳಿಯುವುದಿಲ್ಲವೇ? 1944ರಲ್ಲಿ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ತಾವು ಕಂಡ ಮಕ್ಕಳಲ್ಲಿ ಹಾಸ್ಯಪ್ರಜ್ಞೆಯ ಕೊರತೆಯಿದೆ ಎಂದು ಬರೆದಿದ್ದರು. ಆ ಅಭಿಪ್ರಾಯ ಬಹುಕಾಲ ಉಳಿಯಿತು. ಬ್ರಿಟನ್ನಿನ ಪೋರ್ಟ್ಸ್‌ಮತ್‌ನಲ್ಲಿ ವಾಸುದೇವಿ ರೆಡ್ಡಿ ಮತ್ತು ಸಂಗಡಿಗರು ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಚಿತ್ರವನ್ನು ತಿದ್ದಿತು. ಆಟಿಸಂ ಇರುವ ಪುಟ್ಟ ಮಕ್ಕಳನ್ನೂ ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನೂ ಅವರು ಹೋಲಿಸಿ ನೋಡಿದರು. ಎಷ್ಟು ಸಲ ನಗುತ್ತಾರೆ ಎಂಬುದರಲ್ಲಿ ವ್ಯತ್ಯಾಸವಿರಲಿಲ್ಲ. ಯಾವುದಕ್ಕೆ ನಗುತ್ತಾರೆ ಎಂಬುದರಲ್ಲಿ ಇತ್ತು. ಆಟಿಸಂ ಇರುವ ಮಕ್ಕಳು ಕಚಗುಳಿಗೆ, ದಡಬಡ ಬೀಳುವ ಆಟಕ್ಕೆ ನಗುತ್ತಿದ್ದರು; ಮುಖ ಸೊಟ್ಟ ಮಾಡಿದ್ದಕ್ಕೆ, ಬೇರೆಯವರು ನಕ್ಕಿದ್ದಕ್ಕೆ ಅಷ್ಟಾಗಿ ನಗುತ್ತಿರಲಿಲ್ಲ; ಎಷ್ಟೋ ಸಲ ಸುತ್ತಲಿನವರಿಗೆ ಕಾರಣ ತಿಳಿಯದ ಸಂಗತಿಗೆ ನಗುತ್ತಿದ್ದರು. ಅಂದರೆ ಕೊರತೆ ಇರುವುದು ನಗುವಿನದಲ್ಲ, ಹಂಚಿಕೊಳ್ಳುವ ದಾರಿಯದು. ದಾರಿಗೆ ಎರಡು ತುದಿ ಇರುತ್ತವೆ. ಸ್ವತಃ ಆಟಿಸಂ ಇರುವ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲಿ ಮುಂದಿಟ್ಟ ವಾದ ಇದೇ: ಅವರಿಗೆ ನಾವು ಅರ್ಥವಾಗುವುದಿಲ್ಲ ಎನ್ನುವಷ್ಟೇ, ನಮಗೆ ಅವರು ಅರ್ಥವಾಗುವುದಿಲ್ಲ ಎಂಬುದೂ ನಿಜ. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಎಡಿನ್‌ಬರಾದಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಒಬ್ಬರು ಕೇಳಿದ ಕತೆಯನ್ನು ಮುಂದಿನವರಿಗೆ ದಾಟಿಸುತ್ತ ಹೋಗುವ ಎಂಟೆಂಟು ಮಂದಿಯ ಸರಪಳಿಗಳನ್ನು ಮಾಡಿದಾಗ, ಎಲ್ಲರೂ ಆಟಿಸಂ ಇರುವವರಾಗಿದ್ದ ಸರಪಳಿಯಲ್ಲಿ ವಿವರಗಳು ಉಳಿದ ಪ್ರಮಾಣ, ಆಟಿಸಂ ಇಲ್ಲದವರ ಸರಪಳಿಯಷ್ಟೇ ಇತ್ತು. ಇಬ್ಬರನ್ನೂ ಬೆರೆಸಿದ ಸರಪಳಿಯಲ್ಲಿ ಮಾತು ಹೆಚ್ಚು ಸೋರಿಹೋಯಿತು. ತೊಡಕು ಒಬ್ಬರ ತಲೆಯೊಳಗೆ ಮಾತ್ರ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಮಗುವಿನ ನಗೆಯ ಕಾರಣವನ್ನು ಹುಡುಕಿ ಹೋಗುವ ತಾಯಿ ತನ್ನ ಕಡೆಯ ತುದಿಯಿಂದ ದಾರಿ ಮಾಡುತ್ತಿದ್ದಾಳೆ.

ಈ ಹುಡುಕಾಟ ಹೆಚ್ಚು ಫಲ ಕೊಡುವುದು ಮಗು ಕೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ಜಾಗದಲ್ಲಿ. ವೈದ್ಯರು ಎಕೊಲೇಲಿಯಾ ಎನ್ನುವ ಇದನ್ನು ಒಂದು ಕಾಲಕ್ಕೆ ಅರ್ಥವಿಲ್ಲದ ಗಿಳಿಪಾಠ ಎಂದು ತಳ್ಳಿ, ನಿಲ್ಲಿಸಲು ಹೆಣಗುತ್ತಿದ್ದರು. ಬ್ಯಾರಿ ಪ್ರಿಜೆಂಟ್ ಮತ್ತು ಜುಡಿತ್ ಡೂಚನ್ 1981ರಲ್ಲಿ, ಈ ಪುನರುಚ್ಚಾರಕ್ಕೆ ಉದ್ದೇಶಗಳಿರುತ್ತವೆ ಎಂದು ತೋರಿಸಿದರು: ಸರದಿ ಕಾಯ್ದುಕೊಳ್ಳಲು, ಒಪ್ಪಿಗೆ ಸೂಚಿಸಲು, ಬೇಕಾದ್ದನ್ನು ಕೇಳಲು, ತನ್ನನ್ನು ತಾನು ಸಂಭಾಳಿಸಿಕೊಳ್ಳಲು. ಕನ್ನಡದ ಮನೆಯಲ್ಲಿ ಬಾಯಾರಿದ ಮಗು ಅಮ್ಮನ ಹತ್ತಿರ ಬಂದು, ನಿನಗೆ ನೀರು ಬೇಕಾ ಎನ್ನುತ್ತದೆ. ನೀರು ಬರುವ ಮುನ್ನ ಯಾವಾಗಲೂ ಕೇಳಿಬರುವ ಮಾತು ಅದೇ ತಾನೇ. ಬೆಂಗಳೂರಿನ ಮಗುವೊಂದು ಛತ್ರದ ಗದ್ದಲದ ನಡುವೆ ಮೆಟ್ರೊ ರೈಲಿನ ಘೋಷಣೆಯ ದನಿಯಲ್ಲಿ ‘ಮುಂದಿನ ನಿಲ್ದಾಣ’ ಎಂದು ಶುರು ಮಾಡಿದರೆ, ಇಲ್ಲಿಂದ ಹೊರಡೋಣ ಎಂಬ ವಿನಂತಿ ಅದರಲ್ಲಿರಬಹುದು. ಅದನ್ನು ಕೇಳಿಸಿಕೊಂಡ ಅಪ್ಪ ಅದೇ ದನಿಯಲ್ಲಿ ಮುಂದಿನ ನಿಲ್ದಾಣ ಊಟದ ಹಾಲ್ ಎಂದರೆ, ಮಗು ನಕ್ಕು ಇನ್ನೊಂದು ಗಳಿಗೆ ನಿಲ್ಲಲೂಬಹುದು. ಅಮೆರಿಕದ ಪತ್ರಕರ್ತ ರಾನ್ ಸಸ್ಕಿಂಡ್ ತಮ್ಮ ಮಗ ಓವನ್ ಕುರಿತು 2014ರಲ್ಲಿ ಬರೆದ ‘ಲೈಫ್, ಆನಿಮೇಟೆಡ್’ ಇಂಥ ಒಂದು ದಾರಿಯ ಕತೆ. ಮೂರರ ಹೊತ್ತಿಗೆ ಮಾತು ಕಳೆದುಕೊಂಡ ಹುಡುಗ ಡಿಸ್ನಿ ಚಿತ್ರಗಳ ಸಂಭಾಷಣೆಯನ್ನೆಲ್ಲ ಉರು ಹೊಡೆದಿದ್ದ. ಅಲಾದೀನ್ ಚಿತ್ರದ ತುಂಟ ಗಿಳಿಯ ಬೊಂಬೆಯನ್ನು ಕೈಗೆ ಹಾಕಿಕೊಂಡು, ಆ ಗಿಳಿಯ ದನಿಯಲ್ಲಿ ತಂದೆ ಮಾತಾಡಿಸಿದಾಗ, ಓವನ್ ತನಗೆ ಗೆಳೆಯರಿಲ್ಲ, ಸಂತೋಷವಿಲ್ಲ ಎಂದು ಉತ್ತರ ಕೊಟ್ಟ. ಗಮನಿಸಬೇಕಾದ್ದು ಇಲ್ಲಿದೆ. ತಮಾಷೆಯ ಗಿಳಿಯ ಮೂಲಕ ಹೊರಬಂದದ್ದು ಮಗುವಿನ ದುಃಖ. ಹಾಸ್ಯ ಗಂಭೀರವಾದದ್ದನ್ನು ಮುಚ್ಚಿಡುತ್ತದೆ ಎನ್ನುವವರಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಮಗುವಿನ ಜೊತೆ ನಗಬೇಕಾದರೆ ತಂದೆತಾಯಿಗೆ ನಗಲು ಬರುವ ಭಾಷೆಯೊಂದು ಮನೆಯಲ್ಲಿರಬೇಕು. ಮಾತು ತಡವಾದ ಮಗುವಿಗೆ ಎರಡು ಭಾಷೆ ಭಾರ, ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಆಡಿ ಎಂಬ ಸಲಹೆ ಬೆಂಗಳೂರಿನಲ್ಲೂ, ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲೂ ಆಗಾಗ ಕೇಳಿಬರುತ್ತದೆ. ಈ ಸಲಹೆಗೆ ಪುರಾವೆಯ ಬೆಂಬಲವಿಲ್ಲ. ಕೆನಡಾದಲ್ಲಿ ಕ್ಯಾಥರೀನ್ ಹ್ಯಾಂಬ್ಲಿ ಮತ್ತು ಎರಿಕ್ ಫೊಂಬೊನ್ 2012ರಲ್ಲಿ 75 ಮಕ್ಕಳ ಅಧ್ಯಯನ ಪ್ರಕಟಿಸಿದರು. ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳು ಒಂದೇ ಭಾಷೆಯವರಿಗಿಂತ ಹೆಚ್ಚು ಹಿಂದುಳಿದಿರಲಿಲ್ಲ. ಸಲಹೆ ಪಾಲಿಸಿದರೆ ಆಗುವ ನಷ್ಟವೋ ದೊಡ್ಡದು. ಇಂಗ್ಲಿಷಿನಲ್ಲಿ ಕಮ್, ಸಿಟ್, ಈಟ್, ನೊ ಎಂದಷ್ಟೇ ಹೇಳಬಲ್ಲ ಅಜ್ಜಿಗೆ ಮಗುವಿನೊಡನೆ ಉಳಿಯುವುದು ಆಜ್ಞೆಗಳು ಮಾತ್ರ. ರಾಗ ಎಳೆಯುವುದು, ಹೆಸರನ್ನು ತಿರುಚಿ ಕರೆಯುವುದು, ಸುಳ್ಳುಸುಳ್ಳೇ ಗದರುವುದು, ಒಗಟು, ಪ್ರಾಸ, ಕಚಗುಳಿ ಇಡುವಾಗಿನ ಅರ್ಥವಿಲ್ಲದ ಮಾತು, ಇವೆಲ್ಲ ಅವಳಿಗೆ ಬರುವುದು ಕನ್ನಡದಲ್ಲಿ, ಅದೂ ಅವಳ ಊರಿನ ಕನ್ನಡದಲ್ಲಿ. ದನಿಯ ಏರಿಳಿತ, ಪುನರಾವರ್ತನೆ, ಮುಂದೇನು ಬರುತ್ತದೆಂದು ಗೊತ್ತಿದ್ದೂ ಕಾಯುವ ಸುಖ: ಈ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಹಿಡಿಸುವುದು ಇದೇ. ಅದನ್ನೆಲ್ಲ ಮನೆಯಿಂದ ಹೊರಹಾಕಿ, ಉಳಿದ ನಾಲ್ಕು ಆಜ್ಞೆಗಳಿಂದ ಮಗು ಮಾತು ಕಲಿಯಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಇನ್ನು ಅತ್ಯಂತ ಮುಖ್ಯವಾದ ಆಕ್ಷೇಪ. ಮಗುವಿನ ವಿಷಯದಲ್ಲಿ ನಗುವುದು ಮಗುವನ್ನು ನೋಡಿ ನಗುವುದಾಗಿ ಬದಲಾಗಲು ಎಷ್ಟು ಹೊತ್ತು? ಹೆಚ್ಚು ಹೊತ್ತು ಬೇಡ. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆಂಡ್ರಿಯಾ ಸ್ಯಾಮ್ಸನ್, ವಿಲಿಬಾಲ್ಡ್ ರೂಖ್ ಮೊದಲಾದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಿಸಂನದೇ ಒಂದು ಬಗೆಯಾದ ಆಸ್ಪರ್ಗರ್ ಸಿಂಡ್ರೋಮ್ ಇದ್ದವರಲ್ಲಿ ಸುಮಾರು 45 ಪ್ರತಿಶತ ಮಂದಿಗೆ, ಜನ ತಮ್ಮನ್ನು ನೋಡಿ ನಗುತ್ತಾರೆ ಎಂಬ ಭಯ ಗಣನೀಯ ಮಟ್ಟದಲ್ಲಿತ್ತು. ಹೋಲಿಕೆಗೆ ತೆಗೆದುಕೊಂಡ ಇತರರಲ್ಲಿ ಅದು ಸುಮಾರು 6 ಪ್ರತಿಶತ. ಆ ಭಯ ಸುಮ್ಮನೆ ಬಂದದ್ದಲ್ಲ, ಶಾಲೆಯಲ್ಲಿ, ಬೀದಿಯಲ್ಲಿ, ನೆಂಟರ ನಡುವೆ ನಗೆಪಾಟಲಾದ ಅನುಭವದಿಂದ ಬಂದದ್ದು. ಹಾಗಾದರೆ ಗೆರೆ ಎಲ್ಲಿ? ಕೆನಡಾದ ಮನೋವಿಜ್ಞಾನಿ ರಾಡ್ ಮಾರ್ಟಿನ್ 2003ರಲ್ಲಿ ಹಾಸ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಜೊತೆಗೂಡಿಸುವ ಹಾಸ್ಯ, ತನ್ನನ್ನು ತಾನು ಎತ್ತಿ ನಿಲ್ಲಿಸಿಕೊಳ್ಳುವ ಹಾಸ್ಯ, ಇನ್ನೊಬ್ಬರನ್ನು ಚುಚ್ಚುವ ಹಾಸ್ಯ, ತನ್ನನ್ನೇ ಹೀಗಳೆದುಕೊಳ್ಳುವ ಹಾಸ್ಯ. ಮೊದಲೆರಡು ಮನಸ್ಸಿನ ನೆಮ್ಮದಿಯ ಜೊತೆ ಕಾಣಿಸಿಕೊಳ್ಳುತ್ತವೆ, ಕೊನೆಯ ಎರಡು ಹಾಗಲ್ಲ. ನಾನು ಮೊದಲಿಂದ ಹೇಳುತ್ತ ಬಂದ ಅಳತೆಗೋಲೂ ಇಲ್ಲಿಗೆ ಒದಗುತ್ತದೆ. ಮಗುವಿನ ತರ್ಕ ತಿಳಿದ ಮೇಲೆ ಬಂದ ನಗು ಮಗುವಿನ ಪಕ್ಷದಲ್ಲಿರುತ್ತದೆ. ತಿಳಿಯದೆ, ಬರೀ ವಿಚಿತ್ರವಾಗಿ ಕಂಡದ್ದಕ್ಕೆ ಬಂದ ನಗು ಮಗುವಿನ ವಿರುದ್ಧ ನಿಂತಿರುತ್ತದೆ. ಮಗು ದಿಗಿಲುಬಿದ್ದು ಕಿವಿ ಮುಚ್ಚಿ ಕಿರುಚುತ್ತಿರುವಾಗ ಅದರ ವಿಡಿಯೊ ಮಾಡಿ ರೀಲ್ಸ್‌ಗೆ ಹಾಕುವುದಂತೂ ಯಾವ ಲೆಕ್ಕದಲ್ಲೂ ಹಾಸ್ಯವಲ್ಲ. ಮಾತಿಲ್ಲದ ಮಗುವಿನ ಮುಂದೆಯೇ ಅದರ ಬಗ್ಗೆ ಆಡಿಕೊಳ್ಳುವುದೂ ಅಷ್ಟೇ ತಪ್ಪು. ಮಾತಾಡದ ಮಗುವಿಗೆ ಮಾತು ಅರ್ಥವಾಗುವುದಿಲ್ಲ ಎಂದುಕೊಳ್ಳಲು ಯಾರಿಗೂ ಹಕ್ಕಿಲ್ಲ.

ಹಾಲು, ಮೆಟ್ರೊ, ಗಿಳಿಬೊಂಬೆ ಎಲ್ಲ ಸರಿ. ತನ್ನ ತಲೆಯನ್ನೇ ಗೋಡೆಗೆ ಚಚ್ಚಿಕೊಳ್ಳುವ, ರಾತ್ರಿಯಿಡೀ ನಿದ್ದೆ ಮಾಡದ, ಹದಿನೈದರ ಹರೆಯದಲ್ಲೂ ಒಂದು ಮಾತಾಡದ ಮಗುವಿನ ಮನೆಯಲ್ಲಿ ಈ ವಾದ ನಿಲ್ಲುತ್ತದೆಯೇ? ದಿನದ 24 ಗಂಟೆಯೂ ಪಕ್ಕದಲ್ಲಿ ಒಬ್ಬ ಹಿರಿಯರು ಇರಲೇಬೇಕಾದ ಇಂಥವರ ಅಗತ್ಯಗಳು ಮಾತು ಬಲ್ಲವರ ಕತೆಗಳ ನಡುವೆ ಕಳೆದುಹೋಗಬಾರದೆಂದೇ 2021ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ರಚಿಸಿದ ಆಯೋಗ ‘ಪ್ರೊಫೌಂಡ್ ಆಟಿಸಂ’ ಎಂಬ ಪ್ರತ್ಯೇಕ ಹೆಸರನ್ನು ಬಳಸಲು ಸೂಚಿಸಿತು. ಆ ಮನೆಗಳಲ್ಲಿ ನಗುವಿಗೆ ಸಿಗುವ ಎಡೆ ಚಿಕ್ಕದು ಎಂದು ಒಪ್ಪುತ್ತೇನೆ. ಆದರೆ ವಾದದ ತಿರುಳು ಅಲ್ಲಿ ಇನ್ನೂ ಗಟ್ಟಿಯಾಗುತ್ತದೆ, ಯಾಕೆಂದರೆ ಅಲ್ಲಿ ಅರ್ಥ ಮಾಡಿಕೊಳ್ಳುವುದರ ಮೇಲೆ ಮಗುವಿನ ದೇಹವೇ ನಿಂತಿರುತ್ತದೆ. ಮಾತಿಲ್ಲದ ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳತೊಡಗಿದರೆ ಅದು ಹಲ್ಲುನೋವಿರಬಹುದು, ಕಿವಿಯ ಸೋಂಕಿರಬಹುದು, ಮಲಬದ್ಧತೆಯಿರಬಹುದು. ಹೊತ್ತುಗೊತ್ತಿಲ್ಲದೆ, ಕಾರಣವಿಲ್ಲದೆ, ಪ್ರತಿಸಲ ಒಂದೇ ಬಗೆಯಲ್ಲಿ ಬಂದುಹೋಗುವ ನಗು ಅಪರೂಪಕ್ಕೆ ಒಂದು ಬಗೆಯ ಮೂರ್ಛೆರೋಗದ ಲಕ್ಷಣವೂ ಆಗಿರಬಹುದು. ಅದನ್ನು ನರರೋಗ ತಜ್ಞರಿಗೆ ಹೇಳಲೇಬೇಕು. ಮಗುವಿನ ಸಂತೋಷದ ನಗು ಯಾವುದು, ಸಂಕಟದ್ದು ಯಾವುದು ಎಂದು ಬಿಡಿಸಿ ನೋಡಬಲ್ಲ ತಾಯಿಗೆ ಇರುವುದು ವೈದ್ಯರಿಗೂ ಬೇಕಾದ ತಿಳಿವಳಿಕೆ. ಸಂತೋಷದ್ದೂ ಇರುತ್ತದೆ. ಮಾತಿಲ್ಲದ ಮಗು ಸೀರೆಯ ಜೋಕಾಲಿಯಲ್ಲಿ, ಬಕೆಟ್ಟಿನ ನೀರಿನಲ್ಲಿ, ತಿರುಗುವ ಫ್ಯಾನಿನಲ್ಲಿ ಕಾಣುವ ಸುಖ ಕಡಿಮೆ ದರ್ಜೆಯ ಸುಖವೇನಲ್ಲ.

ಶಕ್ತಿಯ ಮಾತಿಗೆ ಬರೋಣ. ವಿಶೇಷ ಮಗುವಿಗೆ ವಿಶೇಷ ತಾಯಿ ಎಂಬ ಹೊಗಳಿಕೆ ನನ್ನನ್ನು ಕಾಡುತ್ತದೆ. ಅದು ಹೆಚ್ಚಾಗಿ ತಾಯಿಗೇ ಸಲ್ಲುತ್ತದೆ, ಹಾಗೆ ಸಲ್ಲುವಾಗಲೇ ಕೆಲಸವೆಲ್ಲ ಅವಳದೇ ಎಂದು ತೀರ್ಮಾನವಾಗಿಬಿಡುತ್ತದೆ. ನೌಕರಿ ಬಿಡುವವಳು ಅವಳು, ಥೆರಪಿಗೆ ಕರೆದೊಯ್ಯುವವಳು ಅವಳು, ಅತ್ತರೆ ಅದು ಅವಳ ದೌರ್ಬಲ್ಯ. ಶಕ್ತಿಯನ್ನು ದೇವರು ಕೊಟ್ಟ ವರವೆಂದು ಬಗೆದರೆ ಅದಕ್ಕೆ ಯಾರೂ ಏನನ್ನೂ ಸೇರಿಸಬೇಕಾಗಿಲ್ಲ. ಸಂಶೋಧನೆ ತೋರಿಸುವುದು ಇದಕ್ಕೆ ವ್ಯತಿರಿಕ್ತವಾದುದನ್ನು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಂದಿಗೆ ನಡೆದ ಪಾಸ್ ಎಂಬ ಪ್ರಯೋಗ 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಪ್ರಕಟವಾಯಿತು. ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತರೇ ತಂದೆತಾಯಿಯ ಜೊತೆ ಕೂತು, ಅವರು ಮಗುವಿನೊಡನೆ ಆಡುತ್ತಿರುವ ವಿಡಿಯೊವನ್ನು ಅವರಿಗೇ ತೋರಿಸಿದರು. ಎಲ್ಲಿ ಮಗುವಿನ ಆಸಕ್ತಿಯನ್ನು ಹಿಂಬಾಲಿಸಿದಿರಿ, ಎಲ್ಲಿ ತಪ್ಪಿಸಿಕೊಂಡಿರಿ ಎಂದು ಜೊತೆಗೂಡಿ ನೋಡಿದರು. ತಂದೆತಾಯಿ ಮಗುವಿನ ಲಯಕ್ಕೆ ಹೊಂದಿಕೊಳ್ಳುವುದು ಹೆಚ್ಚಿತು. ಮಗು ತಾನಾಗಿ ಮುಂದೆ ಬಂದು ಸಂಪರ್ಕಿಸುವುದೂ ಹೆಚ್ಚಿತು. ಅಂದರೆ ಈ ಶಕ್ತಿ ಕಲಿಯಬಹುದಾದದ್ದು, ಕಲಿಸಬಹುದಾದದ್ದು, ಸರ್ಕಾರ ದುಡ್ಡು ಹಾಕಿ ಹಬ್ಬಿಸಬಹುದಾದದ್ದು. ನಮ್ಮ ರಾಜ್ಯದಲ್ಲಿ ಇದಕ್ಕೆ ಅಡಿಪಾಯ ಇಲ್ಲದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಡಾ. ಪ್ರತಿಭಾ ಕಾರಂತ ಅವರು ಪುಟ್ಟ ಮಕ್ಕಳಿಗಾಗಿ ರೂಪಿಸಿದ ಕಾಮ್‌ಡೀಲ್ ಕಾರ್ಯಕ್ರಮವಿದೆ. ಆದರೆ ಜಿಲ್ಲಾ ಕೇಂದ್ರದಾಚೆಯ ತಾಲ್ಲೂಕಿನ ತಾಯಿಯ ಪಾಲಿಗೆ ಇವೆಲ್ಲ ಬಸ್ಸಿನಲ್ಲಿ ದಿನ ಕಳೆದು ತಲುಪಬೇಕಾದ ಜಾಗಗಳು. ಗದ್ದಲ ತಡೆಯಲಾರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಆ ಬಸ್ಸಿನಲ್ಲಿ ಕೂರುವುದು ಏನೆಂದು ಊಹಿಸಿದರೆ ಸಾಕು, ನಗುವಿಗೂ ಸೌಲಭ್ಯಕ್ಕೂ ಇರುವ ಸಂಬಂಧ ತಿಳಿಯುತ್ತದೆ.

ಕಾನೂನು ತಡವಾಗಿಯಾದರೂ ಬಂತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಗುರುತಿಸಿತು, 2016ರ ಕಾಯ್ದೆ 21 ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. ನಿರಾಮಯ ಯೋಜನೆಯಡಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ. ಇವು ಬೇಕೇ ಬೇಕು. ಆದರೆ ಕಾನೂನು ಕೊಡಲಾರದ ಒಂದಿದೆ, ಅದನ್ನು ಊರು ಕೊಡಬೇಕು. ಕ್ಯಾನರ್ ಪ್ರಬಂಧದ ಆ ಡೊನಾಲ್ಡ್ ಟ್ರಿಪ್ಲೆಟ್ ಮಿಸಿಸಿಪ್ಪಿಯ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಬೆಳೆದು, ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡಿ, ದೇಶವಿದೇಶ ಸುತ್ತಿ, 89 ವರ್ಷ ಬದುಕಿ 2023ರಲ್ಲಿ ತೀರಿಕೊಂಡ. ಆತ ಪರಿಚಿತರಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿದ್ದ. ಎಷ್ಟು ವರ್ಷದ ಮೇಲೆ ಸಿಕ್ಕರೂ ಆ ಸಂಖ್ಯೆ ಅವನಿಗೆ ನೆನಪಿರುತ್ತಿತ್ತು. ಅವನನ್ನು ಹುಡುಕಿ ಬಂದ ಪತ್ರಕರ್ತರಾದ ಜಾನ್ ಡಾನ್ವನ್ ಮತ್ತು ಕ್ಯಾರನ್ ಜುಕರ್‌ಗೆ ಊರಿನವರು, ಅವನಿಗೆ ನೋವಾಗುವಂಥದ್ದು ಮಾಡಿದರೆ ಸುಮ್ಮನಿರುವುದಿಲ್ಲ ಎಂದು ಎಚ್ಚರಿಸಿದರು. ಅವನ ಮನೆಗೆ ಹಣವಿತ್ತು ಎಂಬುದನ್ನು ಮರೆಯಬಾರದು; ಬಡವರ ಮಗನಾಗಿದ್ದರೆ ಕತೆ ಬೇರೆಯಾಗುತ್ತಿತ್ತೇನೋ. ಆದರೂ ಇಡೀ ಊರು ಒಬ್ಬನ ವಿಚಿತ್ರಗಳನ್ನು ತನ್ನವೆಂದು ಒಪ್ಪಿಕೊಂಡದ್ದು ಹಣದಿಂದ ಮಾತ್ರ ಆಗುವ ಕೆಲಸವಲ್ಲ.

ಈ ಮನೆಗಳಲ್ಲಿ ಎಲ್ಲ ನಗುವನ್ನೂ ತಡೆದು ನಿಲ್ಲಿಸುವ ಪ್ರಶ್ನೆ ಒಂದೇ: ನಾವಿಲ್ಲದ ಮೇಲೆ ಯಾರು? ನಗು ಅದಕ್ಕೆ ಉತ್ತರ ಕೊಡುವುದಿಲ್ಲ. 18 ತುಂಬಿದ ಮೇಲೆ ಪಾಲಕತ್ವಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಮಾಡಿಸಬೇಕು, ಉಳಿತಾಯ, ಉಯಿಲು, ಔಷಧದ ಪಟ್ಟಿ ಎಲ್ಲವನ್ನೂ ಒಂದು ಕಡತದಲ್ಲಿ ಜೋಡಿಸಿಡಬೇಕು. ಎಷ್ಟೋ ತಂದೆತಾಯಿಯರು ಈಗಾಗಲೇ ಜೋಡಿಸಿಡುತ್ತಿದ್ದಾರೆ. ಆ ಕಡತಕ್ಕೆ ಇನ್ನೊಂದು ಹಾಳೆ ಸೇರಬೇಕೆಂಬುದು ನನ್ನ ಒತ್ತಾಯ. ಮಗು ಯಾವ ಮಾತಿಗೆ ನಗುತ್ತದೆ, ಯಾವ ಹಳೆಯ ಜಾಹೀರಾತಿನ ಸಾಲು ಹೇಳಿದರೆ ಹಸಿವೆಯೆಂದರ್ಥ, ಯಾವುದನ್ನು ಹೇಳಿದರೆ ಭಯವೆಂದರ್ಥ, ಯಾವ ಪ್ರಾಸದ ಕೊನೆಯ ಪದವನ್ನು ಬೇಕೆಂದೇ ತಪ್ಪಿಸಿ ಹೇಳಿದರೆ ತಿದ್ದಲು ಓಡಿಬರುತ್ತದೆ, ಯಾವ ತಮಾಷೆ ಅದಕ್ಕೆ ಸುತರಾಂ ಆಗುವುದಿಲ್ಲ. ಮುಂದೆ ಅವನನ್ನೋ ಅವಳನ್ನೋ ನೋಡಿಕೊಳ್ಳುವವರು ತಮ್ಮನಿರಬಹುದು, ಚಿಕ್ಕಮ್ಮನಿರಬಹುದು, ವಸತಿ ಕೇಂದ್ರದ ಆಯಾ ಇರಬಹುದು. ಮಾತ್ರೆಯ ಹೆಸರು ಚೀಟಿಯಲ್ಲಿರುತ್ತದೆ, ಪ್ರಮಾಣಪತ್ರ ಕಚೇರಿಯಲ್ಲಿ ಸಿಗುತ್ತದೆ. ಈ ಹಾಳೆಯಲ್ಲಿರುವುದು ತಂದೆತಾಯಿಗೆ ಮಾತ್ರ ಗೊತ್ತು. ಇಪ್ಪತ್ತು ಮೂವತ್ತು ವರ್ಷ ಆ ಮಗುವನ್ನು ಗಮನಿಸಿ, ತಪ್ಪು ತಿಳಿದು, ಸರಿಪಡಿಸಿಕೊಂಡು, ಜೊತೆಗೆ ನಕ್ಕು ಅವರು ಕಲಿತದ್ದು ಅದು. ಅದನ್ನು ಇಂದೇ ಬರೆಯಲು ಶುರು ಮಾಡಬಹುದು, ಅಪ್ಪ ಅಮ್ಮ ಇಬ್ಬರೂ ಕೂತು, ಅಣ್ಣನೋ ತಂಗಿಯೋ ಇದ್ದರೆ ಅವರನ್ನೂ ಕೇಳಿ, ಮಗುವಿಗೆ ಹೇಳಲು ಬರುವುದಾದರೆ ಮೊದಲು ಮಗುವನ್ನೇ ಕೇಳಿ.